ತೀರ್ಪಿಗೆ ಸಹಿ ಹಾಕುವವರು ಯಾರು?

ಕೋರ್ಟುಗಳಲ್ಲಿ ಕೊಳೆಯುತ್ತಿರುವ ಮೊಕದ್ದಮೆಗಳಿಗೆ ಕೃತಕ ಬುದ್ಧಿಮತ್ತೆಯೇ ಮದ್ದು ಎನ್ನುವ ಮಾತು ಈಗ ಮಂತ್ರಿಗಳ ಭಾಷಣದಿಂದ ಹಿಡಿದು ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲುಗಳ ಗಲ್ಲಾದವರೆಗೆ ಒಂದೇ ಸ್ವರದಲ್ಲಿ ಕೇಳಿಬರುತ್ತಿದೆ. ಕಾನೂನು ಇರುವುದು ಪುಸ್ತಕಗಳಲ್ಲಿ. ಯಂತ್ರ ಆ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದೆ. ನ್ಯಾಯಾಧೀಶರೋ ಕಡಿಮೆ, ನಿಧಾನ, ಮೇಲಾಗಿ ರಾಗದ್ವೇಷವುಳ್ಳವರು. ಯಂತ್ರಕ್ಕೆ ನಿದ್ದೆ ಬೇಡ, ಜಾತಿಯಿಲ್ಲ, ಲಂಚ ಕೊಟ್ಟರೂ ಮುಟ್ಟುವುದಿಲ್ಲ. ಇಷ್ಟೆಲ್ಲ ಇದ್ದ ಮೇಲೆ ತಡವೇಕೆ ಎಂದು ಕೇಳುತ್ತಾರೆ. ಕೇಳುವವರಲ್ಲಿ ನನ್ನ ಪಕ್ಷಗಾರರಿದ್ದಾರೆ, ಕಿರಿಯ ವಕೀಲರಿದ್ದಾರೆ, ನಿವೃತ್ತರಾದ ದೊಡ್ಡವರೂ ಇದ್ದಾರೆ. ಈ ಮಾತು ಬುಡದಲ್ಲೇ ತಪ್ಪು ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರಿನ ಮೇಲೆ ನನಗೆ ಹಗೆಯಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಹತ್ತಿರದಲ್ಲೇ ಲ್ಯಾಮಿಂಗ್ಟನ್ ರಸ್ತೆ, ಡಾ. ಭಡಕಮಕರ್ ಮಾರ್ಗ ಎಂದು ಹೆಸರು ಬದಲಾದರೂ ಊರಿನ ಬಾಯಲ್ಲಿ ಅದು ಲ್ಯಾಮಿಂಗ್ಟನ್ನೇ. ಈ ನಗರದ ಕಂಪ್ಯೂಟರ್ ವ್ಯಾಪಾರ ಬೆಳೆದದ್ದು ಆ ರಸ್ತೆಯ ಅಂಗಡಿಗಳಲ್ಲಿ, ನನ್ನ ಕಚೇರಿಯ ಯಂತ್ರಗಳು ಬಂದದ್ದೂ ಅಲ್ಲಿಂದಲೇ. ಮುಂದಿನ ತಾರೀಖು ಯಾವಾಗ ಎಂದು ತಿಳಿಯಲು ಮೊದಲು ಬಾಡಿಗೆದಾರನೊಬ್ಬ ಅರ್ಧ ದಿನದ ಕೂಲಿ ಬಿಟ್ಟು ಶಿರಸ್ತೇದಾರರ ಮೇಜಿನ ಮುಂದೆ ನಿಲ್ಲಬೇಕಿತ್ತು. ಈಗ ಅದೇ ಮನುಷ್ಯ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತನ್ನ ಕೇಸಿನ ನಂಬರು ಒತ್ತಿ ಅಡುಗೆಮನೆಯಲ್ಲಿ ನಿಂತೇ ತಿಳಿದುಕೊಳ್ಳುತ್ತಾನೆ. ಸುಪ್ರೀಂ ಕೋರ್ಟು 2019ರಲ್ಲಿ ಶುರುಮಾಡಿದ ಸುವಾಸ್ ತಂತ್ರಾಂಶ ತೀರ್ಪುಗಳನ್ನು ನಮ್ಮ ಭಾಷೆಗಳಿಗೆ ತರಲು ನೆರವಾಗುತ್ತಿದೆ. 2023ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಶಿವಸೇನೆ ಪ್ರಕರಣದ ವಾದಗಳನ್ನು ಯಂತ್ರವೇ ಕೇಳಿ ಬರೆದುಕೊಂಡಿತು. ಹಳೆಯ ಕಡತಗಳ ಸ್ಕ್ಯಾನಿಂಗ್, ತಾರೀಖಿನ ಸಂದೇಶ, ಹುಡುಕುವ ಸೌಲಭ್ಯ ಎಲ್ಲವೂ ಬರಲಿ, ಇನ್ನೂ ಬೇಗ ಬರಲಿ. ನನ್ನ ಜಗಳ ಯಂತ್ರ ಕಡತ ಹೊರುವುದರ ಮೇಲಲ್ಲ. ತರ್ಕವನ್ನೂ ಅದರ ಹೆಗಲಿಗೇ ಹಾಕಿಬಿಡೋಣ, ನ್ಯಾಯವೆಂದರೆ ಮಾಹಿತಿಯ ಕೆಲಸವಷ್ಟೇ ಎನ್ನುವ ನಂಬಿಕೆಯ ಮೇಲೆ.

ಆ ನಂಬಿಕೆ ಎಲ್ಲಿ ಮುರಿಯುತ್ತದೆ ಎಂದು ನೋಡಬೇಕಾದರೆ ಗ್ರಾಂಟ್ ರೋಡಿನ ಚಾಳುಗಳಿಗೇ ಬರಬೇಕು. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಪಗಡಿ ಎಂಬ ಇಡುಗಂಟು ಕೊಟ್ಟು ಖೋಲಿ ಹಿಡಿದವರಲ್ಲಿ ನಮ್ಮ ಕರಾವಳಿಯ ಹೋಟೆಲ್ ಕೆಲಸಗಾರರೂ ಇದ್ದಾರೆ. ಅವರಿಗೂ ಮಾಲೀಕರಿಗೂ ನಡೆಯುವ ವ್ಯಾಜ್ಯ ಹೋಗುವುದು ಎರಡು ಸ್ಟೇಷನ್ ದಕ್ಷಿಣಕ್ಕೆ, ಮರೀನ್ ಲೈನ್ಸ್‌ನಲ್ಲಿ ಇಳಿದರೆ ಸಿಗುವ ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿಗೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 16ನೇ ಕಲಮಿನಲ್ಲಿ ಮಾಲೀಕ ಯಾವ ಯಾವ ಕಾರಣಕ್ಕೆ ಜಾಗ ವಾಪಸು ಕೇಳಬಹುದು ಎಂದು ಬರೆದಿದೆ. ದಾವೆ ಹೂಡುವುದಕ್ಕೆ ಹಿಂದಿನ ಆರು ತಿಂಗಳು ಎಡೆಬಿಡದೆ, ಸರಿಯಾದ ಕಾರಣವಿಲ್ಲದೆ, ಜಾಗವನ್ನು ಬಳಸದೆ ಬಿಟ್ಟಿದ್ದರೆ ಅದೂ ಒಂದು ಕಾರಣ.

ಇಂಥದೊಂದು ದಾವೆಯನ್ನು ಗುರುತು ಮರೆಸಿ ಹೇಳುತ್ತೇನೆ. ಬಾಡಿಗೆದಾರ ಕುಂದಾಪುರದ ಕಡೆಯವನು, ಹೋಟೆಲಿನಲ್ಲಿ ದುಡಿದು ನಿವೃತ್ತನಾದವನು. ಹೆಂಡತಿಗೆ ಕಾಯಿಲೆಯಾಗಿ ಚಿಕಿತ್ಸೆಗೆಂದು ಊರಿಗೆ ಹೋದವನು ಎಂಟು ತಿಂಗಳು ತಿರುಗಿ ಬರಲಾಗಲಿಲ್ಲ. ಬಂದಾಗ ಬಾಗಿಲಿಗೆ ಕೋರ್ಟಿನ ಸಮನ್ಸು ಅಂಟಿತ್ತು. ಕಾಗದಪತ್ರಗಳೆಲ್ಲ ಮಾಲೀಕನ ಪರ. ಬೆಸ್ಟ್ ಸಂಸ್ಥೆಯ ಕರೆಂಟು ಬಿಲ್ಲಿನಲ್ಲಿ ತಿಂಗಳು ತಿಂಗಳೂ ಬರೀ ಕನಿಷ್ಠ ಶುಲ್ಕ, ಯೂನಿಟ್ ಸೊನ್ನೆ. ರೇಷನ್ ತೆಗೆದಿಲ್ಲ. ಕಡತವನ್ನಷ್ಟೇ ಓದುವ ಯಾರಿಗೂ, ಯಾವುದಕ್ಕೂ, ಉತ್ತರ ಒಂದೇ: ಜಾಗ ಬಳಕೆಯಲ್ಲಿರಲಿಲ್ಲ, ಖಾಲಿ ಮಾಡಿಸಿ.

ಮಾಲೀಕನ ಮೆಹ್ತಾಜಿ, ಅಂದರೆ ಬಾಡಿಗೆ ವಸೂಲಿಯ ಗುಮಾಸ್ತ, ಸಾಕ್ಷಿಕಟ್ಟೆ ಹತ್ತಿದ. ಖೋಲಿಗೆ ಎಂಟು ತಿಂಗಳೂ ಬೀಗವಿತ್ತು, ತಾನು ಪ್ರತಿ ತಿಂಗಳು ಹೋಗಿ ನೋಡಿದ್ದೇನೆ ಎಂದ. ಪಾಟೀಸವಾಲಿನಲ್ಲಿ, ಪ್ರತಿ ತಿಂಗಳು ಯಾಕೆ ಹೋಗುತ್ತಿದ್ದಿರಿ ಎಂಬ ಪ್ರಶ್ನೆ ಬಂತು. ಬಾಡಿಗೆ ವಸೂಲಿಗೆ ಎಂದ. ಬೀಗ ಹಾಕಿದ ಖೋಲಿಯಲ್ಲಿ ಬಾಡಿಗೆ ಕೊಟ್ಟವರು ಯಾರು? ಅವನು ಮಾಲೀಕನ ಕಡೆ ನೋಡಿದ, ಆಮೇಲೆ ಪಕ್ಕದ ಖೋಲಿಯವಳು ಎಂದ. ರಸೀದಿ ಎಲ್ಲಿ ಬರೆದಿರಿ? ಒಳಗೆ ಕೂತು. ಯಾರ ಖೋಲಿಯ ಒಳಗೆ? ಈ ಸಲ ಮೌನ ಉದ್ದವಾಯಿತು. ಅದುವರೆಗೆ ತಲೆತಗ್ಗಿಸಿ ಬರೆಯುತ್ತಿದ್ದ ನ್ಯಾಯಾಧೀಶೆ ಲೇಖನಿ ಕೆಳಗಿಟ್ಟು ತಾವೇ ಕೇಳಿದರು: ಅವರ ಹೆಂಡತಿ ಹೇಗಿದ್ದಾರೆ ಎಂದು ನೀವು ಪಕ್ಕದವಳನ್ನು ಯಾವತ್ತಾದರೂ ವಿಚಾರಿಸಿದ್ದಿರಾ? ವಿಚಾರಿಸಿದ್ದೆ ಎಂದ ಮೆಹ್ತಾಜಿ; ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. ಬಾಡಿಗೆದಾರ ಯಾಕೆ ಊರಲ್ಲಿದ್ದಾನೆ ಎಂಬುದು ಮಾಲೀಕನ ಕಡೆಯವರಿಗೆ ಮೊದಲಿನಿಂದಲೂ ಗೊತ್ತಿತ್ತು, ಕೀಲಿ ನೆರೆಯವಳ ಬಳಿ ಇತ್ತು, ಬಾಡಿಗೆ ನಿಂತಿರಲಿಲ್ಲ. ದಾವೆ ವಜಾ ಆಯಿತು.

ಆ ಪ್ರಶ್ನೆ ಯಾವ ಕಾಗದದಲ್ಲೂ ಇರಲಿಲ್ಲ. ಅದು ಹುಟ್ಟಿದ್ದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ತಡವರಿಕೆಯನ್ನು ಕಂಡದ್ದರಿಂದ. ಕೋರ್ಟಿನ ದಿನಚರಿಯಾದ ರೋಜ್‌ನಾಮಾದಲ್ಲಿ ಮೌನ ದಾಖಲಾಗುವುದಿಲ್ಲ. ಮೊಕದ್ದಮೆಯ ಸಂಗತಿಗಳು ಮೊದಲೇ ಸಿದ್ಧವಾಗಿ ಕೂತಿರುತ್ತವೆ, ಅವುಗಳ ಮೇಲೆ ಕಾನೂನು ಹೊಂದಿಸಿದರೆ ಮುಗಿಯಿತು ಎಂದು ಯಂತ್ರದ ಪರ ಮಾತಾಡುವವರು ಎಣಿಸಿದ್ದಾರೆ. ವಿಚಾರಣೆ ನಡೆಯುವ ಕೋರ್ಟಿನಲ್ಲಿ ಒಂದು ವಾರ ಕೂತವರು ಹಾಗೆ ಎಣಿಸಲಾರರು. ಸಂಗತಿ ಯಾವುದು ಎಂದು ಗೊತ್ತುಮಾಡುವುದರಲ್ಲೇ ಕೋರ್ಟಿನ ಮುಕ್ಕಾಲು ಆಯುಷ್ಯ ಕಳೆಯುತ್ತದೆ. ಆಮೇಲೂ ‘ಸರಿಯಾದ ಕಾರಣ’ ಯಾವುದು ಎಂದು ತೂಗಬೇಕು. ಮಾಲೀಕನಿಗೆ ನಿಜವಾಗಿ ಜಾಗ ಬೇಕಿದ್ದರೂ, ಬಿಡಿಸಿದರೆ ಯಾರಿಗೆ ಹೆಚ್ಚು ಕಷ್ಟ ಎಂದು ತೂಗಿನೋಡಿ, ಬಾಡಿಗೆದಾರನ ಕಷ್ಟವೇ ಹೆಚ್ಚಾದರೆ ಡಿಕ್ರಿ ಕೊಡಬಾರದು ಎಂದು ಅದೇ 16ನೇ ಕಲಂ ಹೇಳುತ್ತದೆ. ಎರಡು ಸಂಸಾರಗಳ ಕಷ್ಟವನ್ನು ತಕ್ಕಡಿಗೆ ಹಾಕುವ ಕೆಲಸವನ್ನು ಶಾಸನಸಭೆ ತಿಳಿದೂ ತಿಳಿದೂ ಒಬ್ಬ ನ್ಯಾಯಾಧೀಶರಿಗೆ ಒಪ್ಪಿಸಿದೆ.

ಸಂಗತಿಯ ಮಾತು ಬಿಡಿ, ಶುದ್ಧ ಕಾನೂನಿನ ಪ್ರಶ್ನೆಯಾದರೂ ಯಂತ್ರದ ಕೈಗೆ ಸಿಕ್ಕೀತೇ? ಹಿಂದಿನ ತೀರ್ಪುಗಳನ್ನೆಲ್ಲ ಓದಿ, ಮುಂದಿನ ತೀರ್ಪು ಹೇಗಿದ್ದೀತು ಎಂದು ಹೇಳುವುದು ಅದರ ಬಲ ಎನ್ನುತ್ತಾರೆ. ಮುಂಬಯಿಯ ಬಾಡಿಗೆ ಕಾನೂನಿನ ಅತಿ ದೊಡ್ಡ ಮೊಕದ್ದಮೆ ಉಡುಪಿಯ ಬಂದರಿನ ಹೆಸರು ಹೊತ್ತಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಯುದ್ಧ ಮುಗಿದು, ದೇಶ ಒಡೆದು, ನಿರಾಶ್ರಿತರು ನಗರ ತುಂಬಿದ ಹೊತ್ತಿನಲ್ಲಿ ಅದು ಬಡವನ ತಲೆಯ ಮೇಲಿನ ಸೂರು ಉಳಿಸಿದ ಕಾನೂನು. ಐವತ್ತು ವರ್ಷ ಕಳೆದರೂ ಬಾಡಿಗೆ ಅಲ್ಲೇ ನಿಂತಿತ್ತು. ರಿಪೇರಿಗೆ ಕಾಸು ಹುಟ್ಟದೆ ಕಟ್ಟಡಗಳು ಶಿಥಿಲವಾಗುತ್ತಿದ್ದವು. ಬಾಂಬೆ ಹೈಕೋರ್ಟು ಮಾಲೀಕರ ಅರ್ಜಿಗಳನ್ನು ತಳ್ಳಿಹಾಕಿತ್ತು. 1997ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟು, ಹುಟ್ಟಿದಾಗ ನ್ಯಾಯವಾಗಿದ್ದ ಕಾನೂನು ಕಾಲ ಸರಿದಂತೆ ಅನ್ಯಾಯವಾಗಬಹುದು, ಈ ಕಾನೂನಿಗೆ ಹಾಗೆಯೇ ಆಗಿದೆ ಎಂದಿತು. ಆದರೂ ಕಲಮುಗಳನ್ನು ರದ್ದು ಮಾಡಲಿಲ್ಲ. ಕಾಯ್ದೆಯ ಅವಧಿ ಮುಂದಿನ ಮಾರ್ಚ್ 31ಕ್ಕೆ ಮುಗಿಯುವುದಿತ್ತು, ಹೊಸದನ್ನು ಬರೆಯುವ ಹೊಣೆಯನ್ನು ಶಾಸನಸಭೆಗೇ ಬಿಟ್ಟಿತು. ಈಗ ನಮ್ಮ ಚಾಳುಗಳಲ್ಲಿ ವರ್ಷಕ್ಕೆ ಶೇಕಡಾ 4ರಂತೆ ಬಾಡಿಗೆ ಏರುತ್ತದಲ್ಲ, ಅದಕ್ಕೆ ಅವಕಾಶ ಕೊಟ್ಟದ್ದು ಆ ತೀರ್ಪಿನ ಬೆನ್ನಿಗೇ ಬಂದ 1999ರ ಕಾಯ್ದೆ.

ನಾನು ಬಾಡಿಗೆದಾರರ ಪರ ವಕೀಲ. ಆ ತೀರ್ಪಿನಿಂದ ನನ್ನ ಪಕ್ಷಗಾರರ ಜೇಬಿಗೆ ಪೆಟ್ಟು ಬಿದ್ದಿದೆ. ಹಾಗಿದ್ದೂ ಅದು ತರ್ಕವೆಂದು ತಲೆಬಾಗುತ್ತೇನೆ. ಐವತ್ತು ವರ್ಷದ ನಡೆಯನ್ನು ಲೆಕ್ಕಹಾಕಿದವರು ಐವತ್ತೊಂದನೇ ವರ್ಷವೂ ಹಾಗೆಯೇ ಎನ್ನುತ್ತಾರೆ. ಆ ಲೆಕ್ಕ ಇನ್ನು ಸಾಕು ಎಂದು ಹೇಳಬಲ್ಲವರು ನ್ಯಾಯಾಧೀಶರು. ಯಾವ ಕಾಲಕ್ಕೆ ಹೇಳಬೇಕು, ಹೇಳಿದ ಮೇಲೆ ಎಷ್ಟಕ್ಕೆ ನಿಲ್ಲಬೇಕು ಎರಡನ್ನೂ ಬಲ್ಲದ್ದು ಆ ತೀರ್ಪು. ಹಿಂದಿನದರ ಸರಾಸರಿಯಿಂದ ಇದು ಹುಟ್ಟಲಾರದು.

ಕನ್ನಡ ನೆಲಕ್ಕೆ ಇದು ಹೊಸ ಪಾಠವೂ ಅಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಬರೆದ. ಮಗನಿಗೆ ಹುಟ್ಟಿದೊಡನೆ ಪಿತ್ರಾರ್ಜಿತದಲ್ಲಿ ಹಕ್ಕು ಎಂದು ಅವನ ನಿರ್ಣಯ. ಬಂಗಾಳದ ಜೀಮೂತವಾಹನನ ಮುಂದೆಯೂ ಇದ್ದದ್ದು ಅವೇ ಸ್ಮೃತಿಗಳು. ತಂದೆ ತೀರಿದ ಮೇಲೆಯೇ ಹಕ್ಕು ಎಂದು ಅವನ ದಾಯಭಾಗ. ಒಂದೇ ಪಠ್ಯಸಂಪತ್ತಿನಿಂದ ಎರಡು ತದ್ವಿರುದ್ಧ ಕಾನೂನುಗಳು ಬಂದು ನೂರಾರು ವರ್ಷ ದೇಶವನ್ನು ಆಳಿದವು. ಓದಿದ್ದು ಸಾಲದ್ದರಿಂದ ಆದ ವ್ಯತ್ಯಾಸವಲ್ಲ ಅದು. ಇಬ್ಬರೂ ತಮ್ಮ ತಮ್ಮ ನಿಲುವಿಗೆ ಕಾರಣ ಕೊಟ್ಟರು, ಕೊಟ್ಟ ಕಾರಣವನ್ನು ಮುಂದಿನವರು ಪ್ರಶ್ನಿಸಿದರು.

ಕಾರಣ ಕೊಡುವುದು ಎಂದೆ. ಯಂತ್ರ ಕೊಡುವ ಕಾರಣ ಎಂಥದು ಎಂಬುದಕ್ಕೆ ಈಗ ನಮ್ಮಲ್ಲೇ ಪುರಾವೆಗಳಿವೆ. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ಪಿ. ಕೊಲಾಬಾವಾಲಾ ಮತ್ತು ಅಮಿತ್ ಜಾಮ್‌ಸಾಂಡೇಕರ್ ಒಂದು ಆದಾಯ ತೆರಿಗೆ ಆದೇಶವನ್ನು ರದ್ದು ಮಾಡಿದರು. ಕೆಎಂಜಿ ವೈರ್ಸ್ ಎಂಬ ಕಂಪನಿ ಸುಮಾರು 3.09 ಕೋಟಿ ರೂಪಾಯಿ ಆದಾಯ ತೋರಿಸಿತ್ತು. ರಾಷ್ಟ್ರೀಯ ಫೇಸ್‌ಲೆಸ್ ಅಸೆಸ್‌ಮೆಂಟ್ ಕೇಂದ್ರ ಅದನ್ನು 27.91 ಕೋಟಿ ಎಂದು ನಿರ್ಧರಿಸಿತ್ತು. ನಿರ್ದೇಶಕರ ಸಾಲದ ಲೆಕ್ಕದಲ್ಲಿ ಕೋಟಿಗಟ್ಟಲೆ ಸೇರಿಸುವುದಕ್ಕೆ ಆಧಾರವಾಗಿ ಅಧಿಕಾರಿ ಮೂರು ತೀರ್ಪುಗಳನ್ನು ಹೆಸರಿಸಿದ್ದರು. ಮೂರೂ ಯಾವ ಕೋರ್ಟಿನಲ್ಲೂ ಆಗಿರಲಿಲ್ಲ. ಯಂತ್ರದ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬಕೂಡದು, ತಾಳೆನೋಡಿಯೇ ಬಳಸಬೇಕು ಎಂದು ಹೈಕೋರ್ಟು ಎಚ್ಚರಿಸಿತು.

ಪತ್ರಿಕೆಗಳಲ್ಲಿ ಆ ಮೂರು ಹುಸಿ ತೀರ್ಪುಗಳ ಸುದ್ದಿಯೇ ಓಡಾಡಿತು. ನನ್ನನ್ನು ಹೆಚ್ಚು ಕಾಡಿದ್ದು ಅದೇ ಪ್ರಕರಣದ ಇನ್ನೊಂದು ಸಂಗತಿ. ಕಂಪನಿಗೆ ಸರಕು ಮಾರಿದವರು ನೋಟಿಸಿಗೆ ಉತ್ತರವನ್ನೇ ಕೊಟ್ಟಿಲ್ಲ, ಆದ್ದರಿಂದ ಖರೀದಿ ಸುಳ್ಳು ಎಂದು ಆದೇಶ ಹೇಳಿತ್ತು. ನಿಜದಲ್ಲಿ ಅವರು ಆದೇಶಕ್ಕೆ ಮೊದಲೇ ಇನ್‌ವಾಯ್ಸ್, ಇ-ವೇ ಬಿಲ್, ಜಿಎಸ್‌ಟಿ ರಿಟರ್ನ್ ಸಮೇತ ಉತ್ತರ ಕಳಿಸಿದ್ದರು. ಕಡತದಲ್ಲಿದ್ದುದನ್ನು ಓದದೆ, ಕಡತದಲ್ಲಿ ಇಲ್ಲದ್ದನ್ನು ಹೆಸರಿಸಿದ ಆದೇಶ ಅದು. ಫೇಸ್‌ಲೆಸ್ ಪದ್ಧತಿ 2020ರಲ್ಲಿ ದೇಶಾದ್ಯಂತ ಜಾರಿಗೆ ಬಂದಾಗ ಅಧಿಕಾರಿಯ ಮುಖ ತೆರಿಗೆದಾರನಿಗೆ ಕಾಣದಂತೆ ಮಾಡಿದರೆ ಭ್ರಷ್ಟಾಚಾರ ನಿಲ್ಲುತ್ತದೆ ಎಂದಿದ್ದರು. ಲಂಚದ ದಾರಿ ಒಂದು ಮಟ್ಟಿಗೆ ಮುಚ್ಚಿರಬಹುದು. ಅದರ ಜೊತೆಗೆ, ‘ಸ್ವಾಮಿ, ನಮ್ಮ ಉತ್ತರ ಈ ಪುಟದಲ್ಲಿದೆ, ನೋಡಿ’ ಎಂದು ಎದುರಿಗೆ ನಿಂತು ಹೇಳುವ ದಾರಿಯೂ ಕಿರಿದಾಯಿತು. ಕೆಎಂಜಿ ವೈರ್ಸ್‌ಗೆ ಹೈಕೋರ್ಟಿನ ಬಾಗಿಲು ತಟ್ಟುವ ತಾಕತ್ತಿತ್ತು. ಆ ತಾಕತ್ತಿಲ್ಲದ ಸಣ್ಣ ಅಂಗಡಿಯವನ ಆದೇಶದಲ್ಲಿ ಏನೇನು ಸೇರಿಕೊಂಡಿದೆ ಎಂದು ಯಾರು ನೋಡಿದ್ದಾರೆ?

ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2024ರ ಕೊನೆಯಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಬಕ್‌ಐ ಟ್ರಸ್ಟ್ ಪ್ರಕರಣದಲ್ಲಿ ಕೊಟ್ಟ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಹೆಸರಿದ್ದದ್ದು ಬಯಲಾಗಿ, ಆದೇಶವನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದು ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಬಂದಾಗ, ಅದರಲ್ಲಿ ಆಧಾರವಾಗಿ ಕೊಟ್ಟಿದ್ದ ತೀರ್ಪುಗಳನ್ನು ಸುಪ್ರೀಂ ಕೋರ್ಟು ಕೊಟ್ಟೇ ಇಲ್ಲ ಎಂದು ಗೊತ್ತಾಯಿತು. ತಾವು ಅವನ್ನು ಹೇಳಿಯೇ ಇರಲಿಲ್ಲ ಎಂದು ವಾದಿಗಳ ವಕೀಲರೂ ಹೇಳಿದರು. ಮುಂದಿನ ಕ್ರಮಕ್ಕಾಗಿ ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. 2026ರ ಜನವರಿಯಲ್ಲಿ ಮುಂಬಯಿಯಲ್ಲಿ, ಬಾಡಿಗೆ ಕರಾರಿನದೇ ಒಂದು ವ್ಯಾಜ್ಯದಲ್ಲಿ, ಇಲ್ಲದ ತೀರ್ಪನ್ನು ಹೆಸರಿಸಿದ್ದಕ್ಕೆ ನ್ಯಾಯಮೂರ್ತಿ ಎಂ.ಎಂ. ಸಾಠ್ಯೆ 50,000 ರೂಪಾಯಿ ದಂಡ ಹಾಕಿದರು. ಲಿಖಿತ ವಾದದ ತುಂಬ ಹಸಿರು ಟಿಕ್ ಗುರುತುಗಳು, ಹೇಳಿದ್ದೇ ಹೇಳುವ ಸಾಲುಗಳು. ಬರೆದದ್ದು ಯಾವುದು ಎಂದು ಹಾಳೆಯೇ ಹೇಳುತ್ತಿತ್ತು.

ಇದು ಎಳೆಯ ತಂತ್ರಜ್ಞಾನದ ಬಾಲ್ಯದೋಷ, ಮುಂದಿನ ಆವೃತ್ತಿಯಲ್ಲಿ ಹೋಗುತ್ತದೆ ಎನ್ನುತ್ತಾರೆ. ದೋಷದ ಮೂಲ ತಿಳಿದವರು ಅಷ್ಟು ಹಗುರವಾಗಿ ಹೇಳಲಾರರು. ಈ ಯಂತ್ರ ತೀರ್ಪನ್ನು ಕಪಾಟಿನಿಂದ ತೆಗೆದು ತೋರಿಸುವುದಿಲ್ಲ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದಿಂದ ವಾಕ್ಯ ಕಟ್ಟುತ್ತದೆ. ಇಬ್ಬರು ಪಕ್ಷಗಾರರ ಹೆಸರು, ನಡುವೆ ‘ವಿರುದ್ಧ’, ಆವರಣದಲ್ಲಿ ವರ್ಷ, ಸಂಪುಟ, ಪುಟ: ಉಲ್ಲೇಖದ ರೂಪವನ್ನು ಅದು ಚೆನ್ನಾಗಿ ಕಲಿತಿದೆ. ಆ ರೂಪದ ಹಿಂದೆ ಒಂದು ನಿಜವಾದ ಜಗಳ, ನಿಜವಾದ ಕೋರ್ಟು ಇದೆಯೇ ಎಂಬುದು ಅದರ ಲೆಕ್ಕದೊಳಗೆ ಬರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಏವಿಯಾಂಕಾ ವಿಮಾನ ಕಂಪನಿಯ ಮೇಲಿನ ದಾವೆಯಲ್ಲಿ 5,000 ಡಾಲರ್ ದಂಡ ತೆತ್ತ ವಕೀಲರು, ಈ ತೀರ್ಪುಗಳು ನಿಜವೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ನಿಜವೆಂದು ಅದು ಭರವಸೆ ಕೊಟ್ಟಿತ್ತು. ನಿಜವಾದ ತೀರ್ಪುಗಳ ಭಂಡಾರಕ್ಕೆ ಜೋಡಿಸಿ ವಕೀಲರಿಗೆಂದೇ ಮಾರುವ ದುಬಾರಿ ಸಾಧನಗಳನ್ನು ಸ್ಟಾನ್‌ಫರ್ಡ್ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ ಅವೂ ಆರರಲ್ಲಿ ಒಂದು ಪ್ರಶ್ನೆಗಾದರೂ ತಪ್ಪಿದವು. ಆರು ಸಲದಲ್ಲಿ ಒಮ್ಮೆ ಇಲ್ಲದ್ದನ್ನು ಹೇಳುವ ಗುಮಾಸ್ತನನ್ನು ಯಾವ ವಕೀಲ ಇಟ್ಟುಕೊಂಡಾನು?

ಯಂತ್ರ ಬರೀ ಸಹಾಯಕ, ಕೊನೆಯ ನಿರ್ಧಾರ ಮನುಷ್ಯನದೇ ಎನ್ನುವ ಸಮಾಧಾನ ನನಗೆ ಎಲ್ಲಕ್ಕಿಂತ ಅಪಾಯವಾಗಿ ಕಾಣುತ್ತದೆ, ಏಕೆಂದರೆ ಅದನ್ನು ಕೇಳಿದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಕೆಎಂಜಿ ವೈರ್ಸ್ ಆದೇಶಕ್ಕೂ ಒಬ್ಬ ಮನುಷ್ಯನ ಅಂಕಿತವಿತ್ತು. ಬೆಂಗಳೂರಿನ ಆದೇಶಗಳಿಗೂ ಇತ್ತು. ದಿನದ ಬೋರ್ಡಿನ ಮೇಲೆ ಹತ್ತಾರು ಮೊಕದ್ದಮೆ ಇಟ್ಟುಕೊಂಡು, ತಿಂಗಳಿಗೆ ಇಷ್ಟು ವಿಲೇವಾರಿ ಎಂಬ ಲೆಕ್ಕ ಒಪ್ಪಿಸಬೇಕಾದ ನ್ಯಾಯಾಧೀಶರ ಮುಂದೆ, ಒಪ್ಪವಾದ ಇಂಗ್ಲಿಷಿನ ಸಿದ್ಧ ಕರಡು ಬಂದು ಬಿದ್ದರೆ ಏನಾಗುತ್ತದೆ? ಮೊದಲ ತಿಂಗಳು ತಿದ್ದುತ್ತಾರೆ, ಆರನೇ ತಿಂಗಳು ಓದುತ್ತಾರೆ, ವರ್ಷ ತುಂಬುವಷ್ಟರಲ್ಲಿ ಸಹಿಯೊಂದೇ ಉಳಿಯುತ್ತದೆ. ನಮ್ಮ ನ್ಯಾಯಾಧೀಶರು ಕೆಟ್ಟವರೆಂದು ಈ ಮಾತಲ್ಲ, ದಣಿದವರೆಂದು. ತೀರ್ಪು ಬರೆಯುವಾಗಲೇ ಎಷ್ಟೋ ಸಲ ತೀರ್ಪು ಬದಲಾಗುತ್ತದೆ. ವಾದಿಯ ಪರ ಬರೆಯಲು ಕೂತವರು ಮೂರನೇ ಪುಟದಲ್ಲಿ ವಾಕ್ಯ ಮುಂದೆ ಹೋಗದೆ ಮತ್ತೆ ಸಾಕ್ಷ್ಯ ತೆರೆದ ಕಥೆಗಳನ್ನು ಹಿರಿಯ ನ್ಯಾಯಾಧೀಶರ ಬಾಯಿಂದಲೇ ಕೇಳಿದ್ದೇನೆ. ಕರಡು ಬೇರೆ ಕಡೆಯಿಂದ ಬಂದರೆ ಆ ತಡೆ ಎಲ್ಲಿ ಎದುರಾದೀತು? ಕೇರಳ ಹೈಕೋರ್ಟು ಇದನ್ನು ಅರಿತೇ 2025ರ ಜುಲೈನಲ್ಲಿ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ನೀತಿ ಗೊತ್ತುಮಾಡಿತು: ನಿರ್ಣಯಕ್ಕೆ, ಪರಿಹಾರಕ್ಕೆ, ಆದೇಶಕ್ಕೆ ಯಂತ್ರ ಬಳಸಕೂಡದು; ಬೇರೆ ಕೆಲಸಕ್ಕೆ ಬಳಸಿದರೂ ಒಪ್ಪಿಗೆಯಾದ ಸಾಧನವನ್ನೇ ಬಳಸಬೇಕು, ಬಳಸಿದ್ದಕ್ಕೆ ದಾಖಲೆ ಇಡಬೇಕು. ಅದು ಸರಿಯಾದ ಗೆರೆ.

ಮನುಷ್ಯರೂ ತಪ್ಪುತ್ತಾರಲ್ಲ ಎಂದು ಕೇಳುವವರಿಗೆ ಹೇಳುವುದಿಷ್ಟು: ತಪ್ಪುತ್ತಾರೆ, ಆದ್ದರಿಂದಲೇ ಮೇಲ್ಮನವಿ ಇದೆ. ಸ್ಮಾಲ್ ಕಾಸಸ್ ಕೋರ್ಟಿನ ಒಬ್ಬ ನ್ಯಾಯಾಧೀಶರ ಮೇಲೆ ಅದೇ ಕೋರ್ಟಿನ ಇಬ್ಬರ ಪೀಠ, ಅದರ ಮೇಲೆ ಹೈಕೋರ್ಟು. ಒಬ್ಬರ ತಪ್ಪು ಅವರ ಕೊಠಡಿಯಲ್ಲಿ ಉಳಿಯುತ್ತದೆ. ಯಂತ್ರದ ತಪ್ಪು ಅದು ಇರುವಲ್ಲೆಲ್ಲ ಏಕಕಾಲಕ್ಕೆ ಆಗುತ್ತದೆ, ಯಂತ್ರ ತಪ್ಪುವುದಿಲ್ಲ ಎಂಬ ಭಕ್ತಿಯ ಮರೆಯಲ್ಲಿ ವರ್ಷಗಟ್ಟಲೆ ಕಾಣದೆ ಉಳಿಯುತ್ತದೆ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ತಂದಿತು. ಹಳ್ಳಿ ಪಟ್ಟಣಗಳ ಅಂಚೆ ಕಚೇರಿಗಳಲ್ಲಿ ಇಲ್ಲದ ಕೊರತೆಯನ್ನು ಅದು ತೋರಿಸಿತು. ಕಂಪ್ಯೂಟರು ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಕೋರ್ಟುಗಳು ಭಾವಿಸಿಕೊಳ್ಳಬೇಕೆಂಬ ನಿಯಮ ಅಲ್ಲಿತ್ತು. ಪರಿಣಾಮ, 900ಕ್ಕೂ ಹೆಚ್ಚು ಉಪ ಅಂಚೆ ಮಾಸ್ತರರಿಗೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಶಿಕ್ಷೆ. ಎಷ್ಟೋ ಮಂದಿ ಜೈಲು ಸೇರಿದರು, ಕೆಲವರು ಜೀವ ಕಳೆದುಕೊಂಡರು. ಶಿಕ್ಷೆಯಾದವರಲ್ಲಿ ನಮ್ಮ ದೇಶದ ಮೂಲದವರು ಬಹಳ ಮಂದಿ. ತಪ್ಪು ತಂತ್ರಾಂಶದ್ದು ಎಂದು ಅಲ್ಲಿನ ಹೈಕೋರ್ಟು ಹೇಳಿದ್ದು 2019ರಲ್ಲಿ, ಶಿಕ್ಷೆಗಳನ್ನು ಒಟ್ಟಾಗಿ ಅಳಿಸಲು ಸಂಸತ್ತು ಕಾನೂನು ಮಾಡಿದ್ದು 2024ರಲ್ಲಿ. ಹೊರೈಜನ್ ಬರೀ ಕೂಡಿಸಿ ಕಳೆಯುವ ಯಂತ್ರ. ತರ್ಕ ಮಾಡುತ್ತೇನೆ ಎನ್ನುವ ಯಂತ್ರದ ತಪ್ಪನ್ನು ಹಿಡಿಯಲು ಎಷ್ಟು ವರ್ಷ ಬೇಕಾದೀತು?

ನಮ್ಮ ಸಾಕ್ಷ್ಯ ಕಾನೂನು ಈ ವಿಷಯದಲ್ಲಿ ಹೆಚ್ಚು ವಿವೇಕ ತೋರಿಸಿದೆ. ಕಂಪ್ಯೂಟರಿನಿಂದ ತೆಗೆದ ದಾಖಲೆಯನ್ನು ಕೋರ್ಟು ನೋಡಬೇಕಾದರೆ ಒಬ್ಬ ಜವಾಬ್ದಾರಿ ವ್ಯಕ್ತಿ ಸಹಿ ಹಾಕಿದ ಪ್ರಮಾಣಪತ್ರ ಬೇಕು. ಜಾಲನಾ ಚುನಾವಣೆಯ ತಕರಾರಿನಲ್ಲಿ, ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು 2020ರ ಜುಲೈನಲ್ಲಿ ಇದನ್ನು ಗಟ್ಟಿಮಾಡಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೂ ಮುಂದೆ ಹೋಗಿ ತಜ್ಞರ ಸಹಿಯನ್ನೂ ಕೇಳುತ್ತದೆ. ಒಂದು ವಾಟ್ಸಾಪ್ ಸಂದೇಶದ ಪ್ರತಿಗೆ, ಸಿಸಿಟಿವಿಯ ತುಣುಕಿಗೆ ಇಷ್ಟು ಹೊಣೆ ಕೇಳುವ ನಾವು, ಒಂದು ಸಂಸಾರವನ್ನು ಬೀದಿಗೆ ಹಾಕುವ ತರ್ಕಕ್ಕೆ ಹೊಣೆಗಾರರಿಲ್ಲದಿದ್ದರೂ ಆದೀತು ಎನ್ನುವುದು ಹೇಗೆ?

ಇನ್ನು ಬಡವರ ಹೆಸರಿನಲ್ಲಿ ಆಡುವ ಮಾತು. ವಕೀಲರ ಫೀಸು ಕೊಡಲಾರದವರಿಗೆ ಫೋನಿನಲ್ಲೇ ಉಚಿತ ವಕೀಲ ಸಿಕ್ಕಂತೆ ಎನ್ನುತ್ತಾರೆ. ಈ ಮಾತಿನ ಹಿಂದಿನ ನೋವು ನಿಜ, ಅದನ್ನು ನಾನು ಪ್ರತಿದಿನ ನೋಡುತ್ತೇನೆ. ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂದು ನಮ್ಮ ಜನ ಸುಮ್ಮನೆ ಹೇಳಿಕೊಂಡು ಬಂದದ್ದಲ್ಲ. ಕಾನೂನಿನ ಸಾಮಾನ್ಯ ತಿಳಿವಳಿಕೆಗೆ, ನೋಟಿಸಿನ ಅರ್ಥವೇನೆಂದು ಕನ್ನಡದಲ್ಲಿ ತಿಳಿಯುವುದಕ್ಕೆ ಫೋನು ನೆರವಾದರೆ ಒಳ್ಳೆಯದೇ. ಆದರೆ ಮಾಲೀಕನ ಪರ ಹಿರಿಯ ವಕೀಲರು ಎದ್ದು ನಿಂತು, ಬಾಡಿಗೆದಾರ ಫೋನಿನ ಉತ್ತರ ಹಿಡಿದು ನಿಲ್ಲುವುದನ್ನು ಸಮಾನ ನ್ಯಾಯವೆಂದು ಕರೆಯಲು ನನ್ನಿಂದಾಗದು. ತಪ್ಪು ಸಲಹೆ ಕೊಟ್ಟ ವಕೀಲನ ಮೇಲೆ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು. ತಪ್ಪು ಸಲಹೆ ಕೊಟ್ಟ ಯಂತ್ರ ಅದೇ ನಯದಲ್ಲಿ ಕ್ಷಮೆ ಕೇಳಿ ಇನ್ನೊಂದು ಸಲಹೆ ಕೊಡುತ್ತದೆ, ದಂಡ ಮಾತ್ರ ಪಕ್ಷಗಾರನ ತಲೆಗೆ. ಬಡವರಿಗೆ ವಕೀಲರನ್ನು ಕೊಡುವ ಕಾನೂನನ್ನು ನಮ್ಮ ಸಂಸತ್ತು 1987ರಲ್ಲೇ ಮಾಡಿದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈದಿಗಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ಆ ಪಟ್ಟಿಯ ವಕೀಲರಿಗೆ ಮರ್ಯಾದೆಯ ಸಂಭಾವನೆ ಕೊಡಿ, ಒಳ್ಳೆಯ ಕಿರಿಯರು ತಾವಾಗಿ ಬರುತ್ತಾರೆ.

ವಿಳಂಬದ ಮೂಲವೂ ಗುಟ್ಟೇನಲ್ಲ. ಹತ್ತು ಲಕ್ಷ ಜನಕ್ಕೆ ಹತ್ತರ ಆಸುಪಾಸಿನಲ್ಲಿದ್ದ ನ್ಯಾಯಾಧೀಶರ ಸಂಖ್ಯೆಯನ್ನು 50ಕ್ಕೆ ಏರಿಸಿ ಎಂದು ಕಾನೂನು ಆಯೋಗ ತನ್ನ 120ನೇ ವರದಿಯಲ್ಲಿ ಹೇಳಿದ್ದು 1987ರಲ್ಲಿ. ಸುಪ್ರೀಂ ಕೋರ್ಟು 2002ರಲ್ಲಿ ಅದನ್ನೇ ಮತ್ತೆ ಹೇಳಿತು. ಇವತ್ತಿಗೂ ಅದರ ಅರ್ಧವೂ ಆಗಿಲ್ಲ. ಕೆಳ ನ್ಯಾಯಾಲಯಗಳಲ್ಲಿ ಮಂಜೂರಾದ ಹುದ್ದೆಗಳಲ್ಲೇ ಸಾವಿರಾರು ಖಾಲಿ ಬಿದ್ದಿವೆ, ದೇಶದ ಬಾಕಿ ಮೊಕದ್ದಮೆ ಐದು ಕೋಟಿ ದಾಟಿದೆ. ಗ್ರಾಂಟ್ ರೋಡಿನ ಚಾಳಿನ ದಾವೆ ಹದಿನೈದು ವರ್ಷ ಎಳೆಯುವುದು ನ್ಯಾಯಾಧೀಶರು ನಿಧಾನವಾಗಿ ಯೋಚಿಸಿದ್ದರಿಂದಲ್ಲ. ಸಮನ್ಸು ಜಾರಿಯಾಗದೆ ಎರಡು ವರ್ಷ, ಸತ್ತ ಪಕ್ಷಗಾರನ ವಾರಸುದಾರರನ್ನು ಸೇರಿಸುವುದರಲ್ಲಿ ಒಂದು ವರ್ಷ, ನ್ಯಾಯಾಧೀಶರ ವರ್ಗಾವಣೆಯಾಗಿ ಕೊಠಡಿ ಖಾಲಿ ಬಿದ್ದು ಇನ್ನೊಂದು ವರ್ಷ. ನಾವು ವಕೀಲರು ಕೇಳುವ ಮುಂದೂಡಿಕೆಗಳೂ ಇದರಲ್ಲಿ ಸೇರಿವೆ. ಯೋಚನೆಗೆ ಸಿಕ್ಕುವ ಸಮಯ ಇಷ್ಟೆಲ್ಲದರ ಕೊನೆಗೆ ಉಳಿದ ಒಂದೆರಡು ದಿನ. ಆ ಒಂದೆರಡು ದಿನವನ್ನು ಯಂತ್ರಕ್ಕೆ ಕೊಟ್ಟು ಉಳಿದ ಹದಿನೈದು ವರ್ಷವನ್ನು ಹಾಗೇ ಬಿಡುವುದನ್ನು ಸುಧಾರಣೆ ಎನ್ನುತ್ತಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಒಪ್ಪಿತು. ಕಂಪ್ಯೂಟರಿಗೆ ಹಣ ಹೊಂದಿಸುವ ಸರ್ಕಾರಗಳು ನ್ಯಾಯಾಧೀಶರಿಗೆ, ಬೇಲಿಫರಿಗೆ, ಸ್ಟೆನೋಗಳಿಗೆ ಸಂಬಳ ಹೊಂದಿಸಲಾರವು ಎಂದರೆ ನಾನು ನಂಬುವುದಿಲ್ಲ.

ಬಾಂಬೆ ಹೈಕೋರ್ಟಿನಲ್ಲಿ, ಧೋಬಿ ತಲಾವಿನಲ್ಲಿ, ಬೆಂಗಳೂರಿನಲ್ಲಿ ಇವತ್ತೇ ಮಾಡಬಹುದಾದದ್ದಿದೆ. ಉಲ್ಲೇಖಿಸಿದ ಪ್ರತಿಯೊಂದು ತೀರ್ಪನ್ನೂ ಮೂಲದಲ್ಲಿ ಓದಿದ್ದೇನೆ ಎಂದು ವಕೀಲರು ವಾದಪತ್ರದ ಕೆಳಗೆ ಸಹಿ ಹಾಕಬೇಕು. ಆದೇಶ ಬರೆಯುವ ಯಾವುದೇ ಹಂತದಲ್ಲಿ ಯಂತ್ರ ಬಳಸಿದ್ದರೆ, ಯಾವುದನ್ನು, ಯಾತಕ್ಕೆ ಎಂದು ಆದೇಶದಲ್ಲೇ ಬರೆಯಬೇಕು. ಸೋತವನಿಗೆ ಮೇಲ್ಮನವಿಯಲ್ಲಿ ಅದನ್ನು ಪ್ರಶ್ನಿಸುವ ಹಕ್ಕಿರಬೇಕು. ಸಾಕ್ಷಿಯ ಹೇಳಿಕೆ ನಂಬತಕ್ಕದ್ದೇ, ಕಷ್ಟ ಯಾರದು ಹೆಚ್ಚು, ಕಾರಣ ಸರಿಯೇ ಎಂಬ ಮೂರು ಪ್ರಶ್ನೆಗಳ ಹತ್ತಿರ ಯಂತ್ರ ಸುಳಿಯಕೂಡದು. ಇದಕ್ಕೆ ಹೊಸ ಶಾಸನ ಬೇಕಿಲ್ಲ, ಹೈಕೋರ್ಟಿನ ಒಂದು ಸುತ್ತೋಲೆ ಸಾಕು. ಕೇರಳ ಹೊರಡಿಸಿದ್ದು ಕಣ್ಣೆದುರಿಗಿದೆ. ಕರ್ನಾಟಕದ, ಮಹಾರಾಷ್ಟ್ರದ ವಕೀಲರ ಸಂಘಗಳು ಅಂಥದ್ದನ್ನು ತಮ್ಮ ಹೈಕೋರ್ಟುಗಳಿಂದ ಲಿಖಿತವಾಗಿ ಕೇಳಬೇಕು, ಈ ವರ್ಷವೇ ಕೇಳಬೇಕು.